ಅಪ್ಪನ ಹೊಟ್ಟೆಯ ಅಯೋರ್ಟಾ (ಹೃದಯದಿಂದ ಬರೋ ದೊಡ್ಡ ರಕ್ತನಾಳ) 4.2 ಸೆಂ.ಮೀ. ಅಗಲಕ್ಕೆ ಊದಿದೆಯಂತೆ, ಆಪರೇಷನ್ ಈಗ ಬೇಡ ಅಂದ್ರು, ಕಾಯೋದು ಸರೀನಾ?
ಸರಿನೇ, ಆದ್ರೆ ಸುಮ್ನೆ ಕಾಯೋದಲ್ಲ, ಅಳತೆ ನೋಡ್ತಾ ಇರ್ಬೇಕು. ಸಾಮಾನ್ಯವಾಗಿ ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ಮುಟ್ಟೋವರೆಗೆ ಒಡೆಯೋ ಅಪಾಯಕ್ಕಿಂತ ಆಪರೇಷನ್ ರಿಸ್ಕೇ ಜಾಸ್ತಿ. 4.2ಕ್ಕೆ ವರ್ಷಕ್ಕೊಂದು ಅಲ್ಟ್ರಾಸೌಂಡ್ ಸಾಕಾಗತ್ತೆ, 5ರ ಹತ್ರ ಬಂದ್ರೆ ಬೇಗ ಬೇಗ ಮಾಡಿಸ್ತಾರೆ, ಹಳೇ ರಿಪೋರ್ಟೆಲ್ಲ ಎತ್ತಿಡಿ ಯಾಕಂದ್ರೆ ಎಷ್ಟು ಸ್ಪೀಡಾಗಿ ಬೆಳೀತಿದೆ ಅನ್ನೋದೂ ಮುಖ್ಯ. ಬೀಡಿ ಸಿಗರೇಟು ಇದ್ರೆ ದಯವಿಟ್ಟು ಇವತ್ತೇ ಬಿಡ್ಸಿ, ಇದಕ್ಕಿಂತ ದೊಡ್ಡ ಔಷಧಿ ಇಲ್ಲ. ಬಿಪಿ ಮಾತ್ರೆ ತಪ್ಪಿಸ್ಬೇಡಿ, ವಾಕಿಂಗ್ ಮಾಡ್ಲಿ. ಜ್ವರಕ್ಕೋ ಉರಿಮೂತ್ರಕ್ಕೋ ಬೇರೆ ಡಾಕ್ಟ್ರ ಹತ್ರ ಹೋದಾಗ್ಲೂ ಈ ವಿಷಯ ಹೇಳಿ, ಸಿಪ್ರೋಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ಇವರಿಗೆ ಆದಷ್ಟು ಬೇಡ. ಹೊಟ್ಟೇಲೋ ಬೆನ್ನಲ್ಲೋ ಇದ್ದಕ್ಕಿದ್ದಂಗೆ ಜೋರು ನೋವು, ತಲೆಸುತ್ತು ಬಂದ್ರೆ ಗ್ಯಾಸ್ ಅಂತ ಕೂರದೆ ತಕ್ಷಣ 108ಕ್ಕೆ ಫೋನ್ ಮಾಡಿ.