ನಡುಗಿವಿ ಇಂಪ್ಲಾಂಟ್: ಎಲ್ಲಿ ಕೂರಿಸಿದರೆ ಚೆನ್ನಾಗಿ ಕೇಳುತ್ತೆ?

ಪ್ರಶ್ನೆ: ನಮ್ಮಮ್ಮನಿಗೆ 54 ವರ್ಷ. ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು, ಎರಡು ಸಲ ಆಪರೇಷನ್ ಆಗಿದೆ. ಹಿಯರಿಂಗ್ ಏಡ್ ಹಾಕಿದರೆ ಮತ್ತೆ ಸೋರುತ್ತೆ. ಈಗ ನಡುಗಿವಿಗೆ ಇಂಪ್ಲಾಂಟ್ ಹಾಕಿಸಿ ಅಂತಿದ್ದಾರೆ. ಒಬ್ಬ ಡಾಕ್ಟರು ರಿಕಾಪು ಮೂಳೆಗೆ ಜೋಡಿಸೋಣ ಅಂದರೆ ಇನ್ನೊಬ್ಬರು ರೌಂಡ್ ವಿಂಡೋ ಮೇಲೆ ಅಂತಾರೆ. ಯಾವುದು ಒಳ್ಳೇದು?
– ಓದುಗರೊಬ್ಬರು, ಮದ್ದೂರು

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ. ರಿಕಾಪು ಅಂದರೆ ನಡುಗಿವಿಯ ಮೂರು ಪುಟ್ಟ ಮೂಳೆಗಳಲ್ಲಿ ಕೊನೆಯದು, ಒಳಗಿವಿಗೆ ತಾಗಿರೋದು. ರೌಂಡ್ ವಿಂಡೋ ಅಂದರೆ ಒಳಗಿವಿಯ ಗೋಡೆಯಲ್ಲಿ ಪೊರೆ ಮುಚ್ಚಿದ ಪುಟ್ಟ ಕಿಂಡಿ. ಜಾಗಕ್ಕಿಂತ ಅದು ಎಷ್ಟು ಸರಿಯಾಗಿ ಕೂತಿದೆ ಅನ್ನೋದೇ ಮುಖ್ಯ.

ವೈಬ್ರೆಂಟ್ ಸೌಂಡ್‌ಬ್ರಿಡ್ಜ್ ಎಂಬ ಇಂಪ್ಲಾಂಟಿನಲ್ಲಿ ಅಲುಗುವ ತುಣುಕು 2.3 ಮಿಲಿಮೀಟರ್ ಉದ್ದ, 25 ಮಿಲಿಗ್ರಾಂ ತೂಕ, ಅಷ್ಟೇ. ಅದರ ಅಲುಗಾಟ ಒಳಗಿವಿಯ ದ್ರವಕ್ಕೆ ಮುಟ್ಟಬೇಕು. 1996ರಲ್ಲಿ ಮೊದಲ ಸಲ ಹಾಕಿದಾಗ ರಿಕಾಪಿನ ಪಕ್ಕದ ಅಡಿಗಲ್ಲು ಮೂಳೆಗೆ (ಇಂಕಸ್) ಸಿಕ್ಕಿಸಿದ್ದರು. ಆದರೆ ಸೋರುವ ಕಿವಿಯಲ್ಲಿ ಸಾಮಾನ್ಯವಾಗಿ ಮೊದಲು ಸವೆಯೋದೇ ಆ ಮೂಳೆ, ನಿಮ್ಮಮ್ಮನಿಗೆ ಅದು ಉಳಿದಿದೆಯೋ ಇಲ್ಲವೋ!

ರಿಕಾಪು ಗಟ್ಟಿಯಾಗಿದ್ದು ಅಲುಗಾಡುತ್ತಿದ್ದರೆ ನಾನು ಮೊದಲು ಅದನ್ನೇ ನೋಡುತ್ತೇನೆ, ಅಲ್ಲಿ ಕ್ಲಿಪ್ ಹಾಕಿದರೆ ಹಿಡಿತ ಸಿಗುತ್ತೆ. ರೌಂಡ್ ವಿಂಡೋದಲ್ಲಿ ಕೆಲಸ ನಾಜೂಕು. ಸುತ್ತಲಿನ ಮೂಳೆಯ ಅಂಚನ್ನು ತೆಗೆದು, ತುಣುಕು ಮೂಳೆಗೆ ತಾಗದೆ ಪೊರೆಗೆ ಮಾತ್ರ ಒತ್ತುವ ಹಾಗೆ ಕೂರಿಸಬೇಕು, ಮೇಲೆ ಮೃದ್ವಸ್ಥಿಯ ಚೂರು ಇಟ್ಟು ಜಾರದಂತೆ ನೋಡಬೇಕು. ಸರಿಯಾಗಿ ಕೂತರೆ ಮಾತು ಚೆನ್ನಾಗಿ ಅರ್ಥವಾಗುತ್ತೆ, ಸರಾಸರಿ ನೋಡಿದರೆ ಎರಡು ಜಾಗಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಆದರೆ ರೌಂಡ್ ವಿಂಡೋದಲ್ಲಿ ಒಬ್ಬರಿಂದ ಒಬ್ಬರಿಗೆ ಫಲಿತಾಂಶ ಜಾಸ್ತಿ ಏರುಪೇರಾಗುತ್ತೆ. ಹಾಗಾಗಿ ಸರ್ಜನ್ ಎಷ್ಟು ಜನಕ್ಕೆ ಇದನ್ನು ಮಾಡಿದ್ದಾರೆ ಅಂತ ಕೇಳಿ, ನಾಚಿಕೆ ಬೇಡ. ಇನ್ನೊಂದು, ದಪ್ಪ ದನಿಗೆ ಇದರಿಂದ ಸಿಗುವ ಬಲ ಕಡಿಮೆ, ಚೂಪು ದನಿಗಳಿಗೆ ಚೆನ್ನಾಗಿದೆ.

ಎಲ್ಲಕ್ಕಿಂತ ಮೊದಲು ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತೆ ಅಂತ ತೋರಿಸುವ ನಕ್ಷೆ) ತೆಗೆದು ಬೋನ್ ಕಂಡಕ್ಷನ್ ಗೆರೆ, ಅಂದರೆ ತಲೆಬುರುಡೆಯ ಮೂಳೆ ಮೂಲಕ ದನಿ ಎಷ್ಟು ಕೇಳುತ್ತೆ ಅನ್ನೋದನ್ನು ನೋಡಿ. ಒಳಗಿವಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಹೇಳೋದು ಅದೇ. ಅದು ತೀರಾ ಕುಸಿದಿದ್ದರೆ ತುಣುಕನ್ನು ಎಲ್ಲಿಟ್ಟರೂ ಸುಮ್ನೆ ದುಡ್ಡು ದಂಡ. ಮೈಸೂರಿನ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ನಿಮಗೆ ದೂರವೇನಿಲ್ಲ. ತಲೆಗೆ ಪಟ್ಟಿ ಕಟ್ಟಿ ಬೋನ್ ಕಂಡಕ್ಷನ್ ಮಷೀನನ್ನೂ ಹಾಕಿ ನೋಡಲು ಹೇಳಿ. ಅದರಲ್ಲೇ ಚೆನ್ನಾಗಿ ಕೇಳಿದರೆ ನಡುಗಿವಿಗೆ ಕೈ ಹಾಕದೆ ಹೋಗಬಹುದು, ಅಲ್ವಾ?

ಕಿವಿ ಪೂರ್ತಿ ಒಣಗುವ ತನಕ ಯಾವ ಇಂಪ್ಲಾಂಟಿಗೂ ಒಪ್ಪಬೇಡಿ. ಹಾಕಿಸಿದ ಮೇಲೆ ಎಂಆರ್‌ಐ ಮಾಡಿಸಬಹುದಾ ಅಂತಲೂ ಮೊದಲೇ ಕೇಳಿಕೊಳ್ಳಿ, ಹೊಸ ಮಾಡೆಲ್‌ಗಳು ಎಂಆರ್‌ಐ ಅಯಸ್ಕಾಂತದ ಬಲವನ್ನು 1.5 ಟೆಸ್ಲಾವರೆಗೆ ತಡೆಯುತ್ತವೆ, ಹಳೆಯವು ತಡೆಯಲ್ಲ.