ಚೆನ್ನಾಗಿದ್ದ ಯಂತ್ರವನ್ನು ಬಿಚ್ಚಿದ್ದೇಕೆ?

ಪ್ರಶ್ನೆ: ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಸಿಂಕ್ರೊಟ್ರಾನ್ ಎಕ್ಸ್‌ರೇ ಕೇಂದ್ರವನ್ನು ಮುಚ್ಚಿ, ಉಂಗುರವನ್ನೇ ಬಿಚ್ಚಿ ಹೊಸದು ಕಟ್ಟಿದರಂತೆ. ಬೆಳಕು ಸಾಲದಿದ್ದರೆ ಎಲೆಕ್ಟ್ರಾನುಗಳನ್ನು ಹೆಚ್ಚಿಸಿದ್ದರೆ ಆಗುತ್ತಿರಲಿಲ್ಲವೇ?
— ಪಿಯುಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಸಿಂಕ್ರೊಟ್ರಾನ್ ಎಂದರೆ ಎಲೆಕ್ಟ್ರಾನುಗಳನ್ನು ಭಾರಿ ವೇಗದಲ್ಲಿ ಉಂಗುರದೊಳಗೆ ಸುತ್ತಿಸಿ, ಅವು ಉಗುಳುವ ಎಕ್ಸ್‌ರೇ ಬೆಳಕನ್ನು ಬಳಸಿಕೊಳ್ಳುವ ಯಂತ್ರ. ಅಲ್ಲಿ ಬೆಳಕಿಗೆ ಬರವಿರಲಿಲ್ಲ, ಅದು ಹರಡಿಹೋಗುತ್ತಿತ್ತು. ಹಳೆಯ ಉಂಗುರದ ಕಾಲದಲ್ಲಿ, ಆರು ತಿಂಗಳು ಹೆಣಗಿ ಬೆಳೆಸಿದ ಪ್ರೋಟೀನ್ ಹರಳುಗಳನ್ನು ನಾನೇ ಅಲ್ಲಿಗೆ ಒಯ್ದಿದ್ದೆ. ನೈಲಾನ್ ಎಳೆಯ ಕುಣಿಕೆಯಲ್ಲಿ ಎತ್ತಿ ದ್ರವ ಸಾರಜನಕದಲ್ಲಿ ಅದ್ದಿದ ಹರಳು, ಅಗಲ ಬರೀ 10 ಮೈಕ್ರಾನ್. ನಮಗೆ ಸಿಕ್ಕ ಕಿರಣ ಅದಕ್ಕಿಂತ ಎಷ್ಟೋ ಅಗಲ. ಅದರ ಬಹುಪಾಲು ಹರಳಿಗೆ ತಾಗದೆ ಸುತ್ತಲಿನ ಹೆಪ್ಪುಗಟ್ಟಿದ ದ್ರಾವಣಕ್ಕೆ ಬಡಿದು, ಪರದೆಯ ತುಂಬ ಮಬ್ಬು. ಬೆಳಗಿನ ಜಾವ ನಾಲ್ಕರವರೆಗೆ ಒಂದೊಂದೇ ಹರಳು ಇಟ್ಟು ನೋಡಿದೆವು. ಎಕ್ಸ್‌ರೇ ಹರಳಿನಲ್ಲಿ ಚೆದುರಿ ಮೂಡಿಸುವ ಚುಕ್ಕೆಗಳಿಂದಲೇ ಪ್ರೋಟೀನಿನ ಆಕಾರವನ್ನು ಲೆಕ್ಕಹಾಕುವುದು. ಲೆಕ್ಕಕ್ಕೆ ಸಿಗುವ ಚುಕ್ಕೆ ಮೂಡಿದ್ದು ಎರಡರಲ್ಲಿ. ಎಲೆಕ್ಟ್ರಾನು ಹೆಚ್ಚಿದ್ದರೆ ಚುಕ್ಕೆಯ ಜೊತೆಗೆ ಮಬ್ಬೂ ಹೆಚ್ಚುತ್ತಿತ್ತು, ಅಷ್ಟೇ.

ಹರಡುವುದೇಕೆ? ನಿಮ್ಮೂರಿನಿಂದ ಉಡುಪಿ ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿದಿದ್ದೀರಲ್ಲ, ಕಡಿದಾದ ತಿರುವಿನಲ್ಲಿ ನಿಂತವರೆಲ್ಲ ಒಂದು ಕಡೆಗೆ ವಾಲಿ ಚೆಲ್ಲಾಪಿಲ್ಲಿ. ಎಲೆಕ್ಟ್ರಾನುಗಳೂ ತಿರುವಿನಲ್ಲಿ ಬೆಳಕು ಉಗುಳಿ, ಒಂದೊಂದು ಒಂದೊಂದಷ್ಟು ಶಕ್ತಿ ಕಳೆದುಕೊಂಡು ಅಡ್ಡಡ್ಡ ಚೆದುರುತ್ತವೆ. ಅವು ಚೆದುರಿದರೆ ಅವುಗಳ ಬೆಳಕೂ ಹರಡುತ್ತದೆ. ತಿರುವು ನಯವಾದಷ್ಟೂ ಚೆದುರುವುದು ಕಡಿಮೆ. 844 ಮೀಟರ್ ಸುತ್ತಳತೆಯ ಆ ಉಂಗುರದಲ್ಲಿ 32 ಭಾಗ. ಭಾಗಕ್ಕೆ ಎರಡೇ ದೊಡ್ಡ ತಿರುವು ಇತ್ತು. ಇಂಥ ಯಂತ್ರಗಳ ತಜ್ಞ ಪಾಂಟಾಲಿಯೋ ರೈಮಂಡಿಯವರ ವಿನ್ಯಾಸದಲ್ಲಿ ಈಗ ಏಳು ಸಣ್ಣ ತಿರುವು, ನಡುನಡುವೆ ಎಲೆಕ್ಟ್ರಾನುಗಳ ಕಂತೆಯನ್ನು ಒಟ್ಟುಗೂಡಿಸುವ ಅಯಸ್ಕಾಂತಗಳು. ಸ್ವೀಡನ್ನಿನ ಲುಂಡ್‌ನಲ್ಲಿ ಏಳು ತಿರುವಿನ ಉಂಗುರ ಆಗಲೇ ಓಡುತ್ತಿತ್ತು. ಇದ್ದ ಅಯಸ್ಕಾಂತಗಳ ನಡುವೆ ಇಷ್ಟನ್ನು ತುರುಕಲಾಗದು. 2018ರ ಡಿಸೆಂಬರಿನಲ್ಲಿ ಬಾಗಿಲು ಹಾಕಿ ಅದೇ ಸುರಂಗದಲ್ಲಿ ಎಲ್ಲವನ್ನೂ ಹೊಸದಾಗಿ ಜೋಡಿಸಿದರು. 2020ರ ಆಗಸ್ಟಿನಲ್ಲಿ ಸಂಶೋಧಕರಿಗೆ ಮತ್ತೆ ತೆರೆಯಿತು. ಅಡ್ಡ ಹರಡುವಿಕೆ ಸುಮಾರು 30 ಪಟ್ಟು ಇಳಿದಿದೆ, ಪ್ರಖರತೆ 100 ಪಟ್ಟು ಏರಿದೆ.

ಉಂಗುರವೊಂದೇ ಬದಲಾದರೆ ಸಾಲದು, ಉಂಗುರದಿಂದ ಹೊರಟ ಬೆಳಕನ್ನು ಕನ್ನಡಿಗಳ ಮೂಲಕ ಪ್ರಯೋಗದ ಜಾಗಕ್ಕೆ ಒಯ್ಯುವ ಬೀಮ್‌ಲೈನ್‌ಗಳೂ ಅದಕ್ಕೆ ತಕ್ಕಂತಿರಬೇಕು. ಹಳೆಯ ಅಗಲ ಕಿರಣದಲ್ಲಿ ಕನ್ನಡಿಯ ಸಣ್ಣ ಉಬ್ಬುತಗ್ಗು ಕಾಣಿಸುತ್ತಲೇ ಇರಲಿಲ್ಲ. ಈಗ ಅದೇ ಗೆರೆಗೆರೆಯಾಗಿ ಚಿತ್ರದಲ್ಲಿ ಬೀಳುತ್ತದೆ. ಹರಳೂ ಬೇಗ ಸುಡುತ್ತದೆ, ಚಿತ್ರ ಹಿಡಿಯುವ ಡಿಟೆಕ್ಟರ್ ಅದಕ್ಕಿಂತ ಚುರುಕಾಗಿರಬೇಕು. ಇಡೀ ಅಂಗಾಂಗಗಳಂಥ ದೊಡ್ಡ ವಸ್ತುಗಳನ್ನು ನೋಡಲು 200 ಮೀಟರಿಗೂ ಉದ್ದದ ಹೊಸ ಬೀಮ್‌ಲೈನ್ ಕಟ್ಟಿದ್ದಾರೆ.

ನನಗೆ ಮೈ ಜುಮ್ಮೆಂದದ್ದು ಹೊಸ ಉಂಗುರದ ಬೆಳಕಿನಲ್ಲಿ ತೆಗೆದ, ಕೋವಿಡ್‌ನಿಂದ ತೀರಿಕೊಂಡವರ ಶ್ವಾಸಕೋಶದ ಚಿತ್ರ ಕಂಡಾಗ. ಎಳೆಎಳೆಯಾಗಿ ಕೊಯ್ಯದೆಯೇ ಒಳಗಿನ ಸಣ್ಣ ರಕ್ತನಾಳಗಳವರೆಗೆ ಹೋಗಿದ್ದಾರೆ. ಎರಡು ಬೇರೆಬೇರೆ ರಕ್ತನಾಳಜಾಲಗಳ ನಡುವೆ ಇರಬಾರದ ಕೊಂಡಿಗಳು ಅಲ್ಲಿ ಕಂಡವು. ರಕ್ತ ಆಮ್ಲಜನಕವನ್ನು ಸರಿಯಾಗಿ ಹೀರದೆ ಆ ಅಡ್ಡದಾರಿಯಲ್ಲಿ ದಾಟಿಹೋಗುತ್ತಿತ್ತು.