ಘಾಟಿ ಹತ್ತುವ ಮಿನಿ ಬಸ್ಸಿನ ನಾಕ್ಸ್: ಕಿಲೋಮೀಟರ್ ಲೆಕ್ಕ ಯಾಕೆ ಸಾಲದು?

ನಿಮ್ಮ ಪ್ರಶ್ನೆ ಇಷ್ಟು: ಶಿವಮೊಗ್ಗ–ಆಗುಂಬೆ–ಉಡುಪಿ ಮಾರ್ಗದ ಡೀಸೆಲ್ ಮಿನಿ ಬಸ್ಸು ಉಗುಳುವ ನೈಟ್ರೋಜನ್ ಆಕ್ಸೈಡ್ (ನಾಕ್ಸ್) ಎಷ್ಟು ಎಂದು ಪ್ರಾಜೆಕ್ಟಿಗೆ ಅಂದಾಜಿಸಬೇಕು, ಕಿ.ಮೀ.ಗೆ ಇಷ್ಟು ಗ್ರಾಂ ಎಂಬ ಸಿದ್ಧ ಅಂಕಿಯನ್ನು ದೂರದಿಂದ ಗುಣಿಸಿದರೆ ಸಾಕೇ? ತೀರ್ಥಹಳ್ಳಿವರೆಗೆ ಹೇಗೋ ನಡೆದೀತು. ವಾಪಸ್ ಬರುವಾಗ, ಸೋಮೇಶ್ವರದಿಂದ ಆಗುಂಬೆಗೆ ಹತ್ತುವಲ್ಲಿ ಆ ಲೆಕ್ಕ ಕೈಕೊಡುತ್ತದೆ. ಅಲ್ಲಿ ದೂರ ಬಿಟ್ಟು ಎಂಜಿನ್ ಮಾಡಿದ ಕೆಲಸವನ್ನು, ಅಂದರೆ ಕಿಲೋವ್ಯಾಟ್-ಗಂಟೆಯನ್ನು ಹಿಡಿಯಿರಿ.

ಬಸ್ಸು ಜನರೂ ಸೇರಿ 7 ಟನ್, ಏರು ಶೇ. 6, ವೇಗ ಗಂಟೆಗೆ 20 ಕಿ.ಮೀ. ಎಂದಿಟ್ಟುಕೊಳ್ಳಿ. ಏರಿನ ಎಳೆತ ಸುಮಾರು 4,120 ನ್ಯೂಟನ್, ಟೈರಿನದು (ಗುಣಾಂಕ 0.01) 690, ಗಾಳಿಯದು ಬರೀ 60 ಚಿಲ್ಲರೆ. ಒಟ್ಟನ್ನು ಸೆಕೆಂಡಿಗೆ 5.56 ಮೀಟರಿನಿಂದ ಗುಣಿಸಿದರೆ 27 ಕಿಲೋವ್ಯಾಟ್. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ನಷ್ಟಕ್ಕೆ 0.88ರಿಂದ ಭಾಗಿಸಿ, ಫ್ಯಾನ್, ಆಲ್ಟರ್ನೇಟರಿಗೆ 2 ಸೇರಿಸಿ: 33 ಕಿಲೋವ್ಯಾಟ್. ಕಿ.ಮೀ.ಗೆ 1.65 ಕಿಲೋವ್ಯಾಟ್-ಗಂಟೆ ಆಯಿತು. ಇದೇ ಬಸ್ಸು ಮಟ್ಟ ರಸ್ತೆಯಲ್ಲಿ 50ರ ವೇಗದಲ್ಲಿ ಹೋದರೆ ಇದು ಸುಮಾರು 0.38 ಮಾತ್ರ. ಬಿಎಸ್-4 (ಭಾರತ್ ಸ್ಟೇಜ್ ಎಂಬ ಹೊಗೆ ನಿಯಮದ ನಾಲ್ಕನೇ ಹಂತ) ಎಂಜಿನ್ನಿನ ನಾಕ್ಸ್ ಮಿತಿ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂ, ಅದನ್ನೇ ಹಾಕಿದರೂ ಮಟ್ಟದಲ್ಲಿ ಕಿ.ಮೀ.ಗೆ 1.3 ಗ್ರಾಂ, ಘಾಟಿಯಲ್ಲಿ 5.8 ಗ್ರಾಂ.

ಹೆಚ್ಚಿನವರು ಎಡವುವುದು ಎತ್ತರದ ಅಂಕಿಯಲ್ಲಿ. ಕಾಡಿನ ನೆರಳಲ್ಲಿ, ಹೇರ್‌ಪಿನ್ ತಿರುವಿನಲ್ಲಿ ಜಿಪಿಎಸ್ ಎತ್ತರ ಹತ್ತಾರು ಮೀಟರ್ ಜಿಗಿಯುತ್ತದೆ. ಹಾಗೇ ಬಳಸಿದರೆ ಶೇ. 40ರ ಏರೂ ಹುಟ್ಟಿಕೊಳ್ಳುತ್ತದೆ. ಫೋನಿನ ಬ್ಯಾರೋಮೀಟರ್ ಬಳಸಿ, 100 ಮೀಟರಿಗೊಮ್ಮೆ ಸರಾಸರಿ ತೆಗೆಯಿರಿ. ಇಳಿಜಾರಿನಲ್ಲಿ ಶಕ್ತಿ ಋಣವಾದಾಗ ಸೊನ್ನೆ ಎಂದೇ ಬರೆಯಿರಿ. ಇಲ್ಲದಿದ್ದರೆ ಹತ್ತಿದ್ದನ್ನೆಲ್ಲ ಇಳಿದದ್ದು ನುಂಗಿಬಿಡುತ್ತದೆ.

ಬಿಎಸ್-6 ಬಸ್ಸಾದರೆ ಇಳಿಜಾರಿಗೇ ಹೆಚ್ಚು ಗಮನ ಬೇಕು. ಗೇರಿನಲ್ಲಿ ಇಳಿಯುವಾಗ ಇಂಧನ ನಿಂತು, ತಣ್ಣನೆ ಗಾಳಿ ಮಾತ್ರ ಸೈಲೆನ್ಸರ್ ಕಡೆ ಹಾಯುತ್ತದೆ. ನಾಕ್ಸ್ ತಗ್ಗಿಸಲು ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಲು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬೇಕು. ಹಾಗಾಗಿ ಸೋಮೇಶ್ವರ ಮುಟ್ಟಿ ಮತ್ತೆ ಆಕ್ಸಿಲರೇಟರ್ ಒತ್ತಿದ ಮೊದಲ ನಿಮಿಷಗಳಲ್ಲಿ ನಾಕ್ಸ್ ದಿಢೀರನೆ ಏರಬಹುದು. ಸರಾಸರಿ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ.

ಒಬಿಡಿಯಿಂದ (ಬಸ್ಸಿನ ಕಂಪ್ಯೂಟರ್ ಅಂಕಿ ಓದುವ ಸಾಕೆಟ್ಟು) ನಾಕ್ಸ್ ಸೆನ್ಸರ್ ಅಂಕಿ ಸಿಕ್ಕರೆ ಇನ್ನೂ ಒಳ್ಳೆಯದು: ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) × ಗಂಟೆಗೆ ಹೊರಬರುವ ಹೊಗೆಯ ಕಿಲೋ × 0.001587 = ಗಂಟೆಗೆ ಗ್ರಾಂ. 300 ಪಿಪಿಎಂ, 200 ಕಿಲೋ ಇದ್ದರೆ 95 ಗ್ರಾಂ. ಈ ಗುಣಕದಲ್ಲಿ ಎಲ್ಲವನ್ನೂ ನೈಟ್ರೋಜನ್ ಡೈಆಕ್ಸೈಡ್ (ಅಣುತೂಕ 46) ಎಂದೇ ತೂಗಿದೆ. ಅದರ ಬದಲು ನೈಟ್ರಿಕ್ ಆಕ್ಸೈಡಿನ ಅಣುತೂಕ 30 ಹಾಕಿದರೆ ಉತ್ತರ ಮೂರನೇ ಒಂದು ಭಾಗ ಕುಸಿಯುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಪೈಪಿನ ನೀರು ಆರುವವರೆಗೆ ಸೆನ್ಸರ್ ಓದುವುದಿಲ್ಲ. ಆ ಖಾಲಿ ಜಾಗವನ್ನು ಸೊನ್ನೆ ಎಂದು ತುಂಬಬೇಡಿ.

ಜುಲೈ ತಿಂಗಳ ಆಗುಂಬೆಯಲ್ಲಿ ಅಳೆದರೆ ತೇವವೂ ಲೆಕ್ಕಕ್ಕೆ ಬರುತ್ತದೆ. ಒಣಗಾಳಿಯ ಕಿಲೋಗೆ 17–18 ಗ್ರಾಂ ನೀರಾವಿ ಇದ್ದಾಗ ಜ್ವಾಲೆ ತಣ್ಣಗಾಗಿ ನಾಕ್ಸ್ ತುಸು ಕಡಿಮೆ ಹುಟ್ಟುತ್ತದೆ. ಪರೀಕ್ಷಾ ನಿಯಮದ ತಿದ್ದುಪಡಿ: 0.832 + 0.0157 × ಆ ಗ್ರಾಂ, ಅಂದರೆ ಸುಮಾರು 1.1. ಮಿತಿಯ ಜೊತೆ ಹೋಲಿಸುವಾಗ ಇದರಿಂದ ಗುಣಿಸಿ. ಊರಿನ ಗಾಳಿಗೆ ನಿಜಕ್ಕೂ ಎಷ್ಟು ಸೇರಿತು ಎಂಬುದೇ ಪ್ರಶ್ನೆಯಾದರೆ ಬೇಡ.

ಎಮಿಷನ್ ಟೆಸ್ಟ್ ಚೀಟಿಯಲ್ಲಿರುವ ಅಂಕಿಯನ್ನು ಇದಕ್ಕೆಲ್ಲ ಬೆರೆಸಬೇಡಿ. ಅದು ನಿಂತ ಬಸ್ಸಿನ ಆಕ್ಸಿಲರೇಟರ್ ಒತ್ತಿ ನೋಡಿದ ಹೊಗೆಯ ಕಪ್ಪು. ಕಣ್ಣಿಗೆ ಕಾಣದ ನಾಕ್ಸ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.